ಕಾಶವ್ವನ ಹಲ್ಲಿನ ಬಣ್ಣ

ನನ್ನ ಬಣ್ಣ ಬಯಲಾದದ್ದು ಅಣ್ಣನ ಮಗನ ಮದುವೆಯ ಹಿಂದಿನ ಸಂಜೆ, ಸುಮಾರು ಮುನ್ನೂರು ಜನರ ಎದುರಿಗೆ.

ಬೆಳಗಾವಿಯ ಒಂದು ಮಂಗಲ ಕಾರ್ಯಾಲಯ. ವೇದಿಕೆಯ ಮೇಲೆ ಹುಡುಗರು ಹಾಡು ಹಚ್ಚಿ ಕುಣಿಯುತ್ತಿದ್ದರು. ಯಾರೋ ಉತ್ಸಾಹಿ ಇದ್ದ ದೀಪಗಳನ್ನೆಲ್ಲ ಆರಿಸಿ ಒಂದು ನೇರಳೆ ದೀಪ ಹಚ್ಚಿದ. ಬಿಳಿ ಅಂಗಿ, ಬಿಳಿ ಟೋಪಿ, ನಕ್ಕವರ ಹಲ್ಲು ಎಲ್ಲ ನೀಲಿಯಾಗಿ ಹೊಳೆಯತೊಡಗಿದವು. ನಾನೂ ಹಲ್ಲು ಕಿರಿದು ಫೋಟೋಕ್ಕೆ ನಿಂತೆ. ಫೋಟೋ ಹೊಡೆದ ಅಣ್ಣನ ಮಗಳು ಮೊಬೈಲು ನೋಡಿ ಕಿರುಚಿದಳು: “ಕಾಕಾ, ನಿಮ್ಮ ಮುಂದಿನ ಹಲ್ಲ ಎಲ್ಲಿ ಹೋತು?”

ನಾಲಿಗೆಯಿಂದ ಮುಟ್ಟಿಕೊಂಡೆ. ಹಲ್ಲು ಇದ್ದಲ್ಲೇ ಇತ್ತು. ಫೋಟೋದಲ್ಲಿ ಮಾತ್ರ ಆ ಜಾಗದಲ್ಲಿ ಒಂದು ಕಪ್ಪು ಕಿಂಡಿ. ಹದಿನೈದು ವರ್ಷದ ಹಿಂದೆ ಹಾಕಿಸಿಕೊಂಡಿದ್ದ ಪಿಂಗಾಣಿ ಹಲ್ಲು ಅದು, ಡಾಕ್ಟರ ಭಾಷೆಯಲ್ಲಿ ಕ್ರೌನ್. ಹೆಂಡತಿಯ ತವರಿನವರಿಗೂ ಗೊತ್ತಿಲ್ಲದ ಗುಟ್ಟನ್ನು ಒಂದು ದೀಪ ಊರಿಗೆಲ್ಲ ಹೇಳಿಬಿಟ್ಟಿತ್ತು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕ್ರೌನ್ ಎಂದರೆ ಕಿರೀಟ, ಅದು ರಾಜನ ತಲೆಯ ಮೇಲಿರುತ್ತದೆ ಎಂದು ಕಲಿಸಿದ್ದರು. ಬಾಯಲ್ಲಿ ಕಿರೀಟ ಇಟ್ಟುಕೊಂಡವನು ಹೀಗೆ ಕುಣಿತದ ನಡುವೆ ಪದಚ್ಯುತನಾಗುತ್ತಾನೆ ಎಂದು ಯಾರೂ ಹೇಳಿರಲಿಲ್ಲ.

ಆಗ ಊಟದ ಸಾಲಿನಿಂದ ಗಿಡ್ಡ ಮನುಷ್ಯರೊಬ್ಬರು ಎದ್ದು ಬಂದರು. ಬಲಗೈಯಲ್ಲಿ ಇನ್ನೂ ಅನ್ನ ಮೆತ್ತಿತ್ತು. ಎಡಗೈಯಿಂದ ನನ್ನ ರಟ್ಟೆ ಹಿಡಿದು ಕೈ ತೊಳೆಯುವ ಜಾಗಕ್ಕೆ ಎಳೆದೊಯ್ದರು.

“ಬಾಯಿ ತೆಗೀರಿ ಸರ... ಹೌದು. ಇದು ನಂದ ಐತಿ.”

“ಹಲ್ಲ ನಂದ್ರೀ” ಅಂದೆ.

“ಹಾಕ್ಕೊಂಡಾವರು ನೀವು. ಮಾಡಿದಾವ ನಾ. ಆವಾಗಿನ ಪಿಂಗಾಣಿಗೆ ಈ ದೀಪ ತಡಕೊಳ್ಳಾಕ ಬರ್ತಿದ್ದಿಲ್ಲ. ತಪ್ಪ ತಿಳೀಬ್ಯಾಡ್ರಿ. ಸೋಮವಾರ ಖಾಸಬಾಗಕ್ಕ ನಮ್ಮ ಲ್ಯಾಬಿಗೆ ಬರ್ರಿ, ಬ್ಯಾರೆ ಮಾಡಿ ಕೊಡ್ತೀನಿ.”

ಇವರೇ ಗುರುಪುತ್ರಪ್ಪ. ಹಲ್ಲಿನ ಲ್ಯಾಬಿನ ಕಾರಿಗರು. ಡಾಕ್ಟರು ಅಳತೆ ಕಳಿಸುತ್ತಾರೆ, ಇವರು ಹಲ್ಲು ಮಾಡಿ ಕಳಿಸುತ್ತಾರೆ. ಹಾಕಿಕೊಂಡವರಿಗೆ ಇವರ ಹೆಸರೂ ಗೊತ್ತಿರುವುದಿಲ್ಲ. ನನ್ನ ಹೊಸ ಹಲ್ಲು ಆ ವಾರವೇ ಆಯಿತು. ನಾನು ಮಾತ್ರ ಖಾಸಬಾಗಕ್ಕೆ ಹೋಗುವುದನ್ನು ಬಿಡಲಿಲ್ಲ. ಅಲ್ಲಿ ನಾನು ಕೇಳಿದ್ದು ದಂತಕಥೆಯಲ್ಲ. ದಂತದ್ದೇ ಕಥೆ, ಮತ್ತು ಕೇಳಲು ಸುಖವಾದದ್ದೂ ಅಲ್ಲ.

ಗುರುಪುತ್ರಪ್ಪ ಹುಟ್ಟಿದ್ದು ವಡಗಾವಿಯಲ್ಲಿ, ಮಗ್ಗದ ಸದ್ದು ಕೇಳದಿದ್ದರೆ ಕೂಸುಗಳಿಗೆ ನಿದ್ದೆ ಬಾರದ ಓಣಿಯಲ್ಲಿ. ತಂದೆ ಬಂಡೆಪ್ಪ ನೂಲಿಗೆ ಬಣ್ಣ ಹಾಕುವವರು. ಯಾರಾದರೂ ಹಳೆಯ ಸೀರೆಯ ಒಂದು ಎಳೆ ತಂದು ಇದೇ ಬಣ್ಣ ಬೇಕೆಂದರೆ, ಇದೇ ಬಣ್ಣವನ್ನೇ ಕೊಡಬೇಕು. ಎಂಟು ವರ್ಷದ ಗುರುಪುತ್ರಪ್ಪ ಒದ್ದೆ ನೂಲಿನ ಲಡಿ ಹಿಡಿದು ಬಾಗಿಲಿಗೆ ಹೋಗಿ ಬಿಸಿಲಲ್ಲಿ ನಿಂತು, ಒಣಗಿದರೆ ಇದು ಎಷ್ಟು ತಿಳಿಯಾದೀತು ಎಂದು ಕೂಗಿ ಹೇಳಬೇಕು. ತಪ್ಪಿದರೆ ಬೆನ್ನ ಮೇಲೆ ಬಂಡೆಪ್ಪನವರ ಬಣ್ಣದ ಕೈ. ಮುಂದೆ ಕಾರ್ಖಾನೆಯಿಂದ ಬಣ್ಣ ಹಾಕಿದ ನೂಲೇ ಬರತೊಡಗಿ, ಹಂಡೆಗಳನ್ನು ಹಿತ್ತಲಲ್ಲಿ ಬೋರಲು ಹಾಕಿದ ವರ್ಷ, ಹತ್ತೊಂಬತ್ತರ ಹುಡುಗ ಖಾಸಬಾಗದ ಹಲ್ಲಿನ ಲ್ಯಾಬಿಗೆ ಕೆಲಸ ಕೇಳಲು ಹೋದ. ಲ್ಯಾಬಿನ ಮಾಲೀಕರು ಹದಿನಾರು ಪಿಂಗಾಣಿ ಹಲ್ಲುಗಳನ್ನು ಮೇಜಿನ ಮೇಲೆ ಚೆಲ್ಲಿ, ಬಿಳಿಯಿಂದ ಕಂದಿನವರೆಗೆ ಸಾಲಾಗಿ ಇಡು ಅಂದರಂತೆ. ಅವರು ಚಹಾ ಕುಡಿದು ಕಪ್ಪು ಇಡುವುದರೊಳಗೆ ಸಾಲು ಮುಗಿದಿತ್ತು.

ಆ ಹದಿನಾರೇ ಈ ಕಸುಬಿನ ವರ್ಣಮಾಲೆ. ಎ, ಬಿ, ಸಿ, ಡಿ ಎಂದು ನಾಲ್ಕು ಮನೆತನ, ಒಂದೊಂದಕ್ಕೂ ಮೂರೋ ನಾಲ್ಕೋ ಐದೋ ಅಂಕಿಯ ಮಕ್ಕಳು. ಡಾಕ್ಟರು ಚೀಟಿಯಲ್ಲಿ ಒಂದು ಅಕ್ಷರ, ಒಂದು ಅಂಕಿ ಬರೆದು ಕಳಿಸುತ್ತಿದ್ದರು. ಗುರುಪುತ್ರಪ್ಪ ಚೀಟಿಯನ್ನು ನಂಬುತ್ತಿರಲಿಲ್ಲ. ಸೈಕಲ್ ಹತ್ತಿ ದವಾಖಾನೆಗೆ ಹೋಗಿ, ಬೆಳಗಿನ ಬೆಳಕಿನಲ್ಲಿ, ಕಿಟಕಿಯ ಬದಿಗೆ ಕೂಡಿಸಿ, ಹೆಂಗಸರಾದರೆ ತುಟಿಯ ರಂಗು ಒರೆಸಲು ಹೇಳಿ, ತಾವೇ ನೋಡುತ್ತಿದ್ದರು. ನೋಡುವುದು ಐದು ಎಣಿಸುವವರೆಗೆ ಮಾತ್ರ. ಆಮೇಲೆ ಕಿಸೆಯಿಂದ ನೀಲಿ ಬಟ್ಟೆಯ ತುಂಡು ತೆಗೆದು ಅದರ ಮೇಲೆ ಕಣ್ಣು ಇಡುವುದು. “ಹೆಚ್ಚ ಹೊತ್ತ ನೋಡಿದ್ರ ಕಣ್ಣು ಬೇಸತ್ತು, ಯಾವುದು ತೋರ್ಸಿದ್ರೂ ಹೌದು ಅಂತೈತ್ರೀ. ಮದುವಿ ಆದ ಮಂದಿ ಹಂಗ” ಅನ್ನುತ್ತಿದ್ದರು.

ಮೂರು ವರ್ಷದ ಹಿಂದೆ ಹಿಂದವಾಡಿಯ ಹಲ್ಲಿನ ಡಾಕ್ಟರು ಸಮೃದ್ಧಿ ಒಂದು ಯಂತ್ರ ತರಿಸಿದರು. ಕೈಯಲ್ಲಿ ಹಿಡಿಯುವ ಟಾರ್ಚಿನಷ್ಟು ದೊಡ್ಡದು. ಮೂತಿಯನ್ನು ಹಲ್ಲಿಗೆ ಮುಟ್ಟಿಸಿ ಗುಂಡಿ ಒತ್ತಿದರೆ ಟಿಕ್ ಎಂದು ಬೆಳಕು ಬಂದು, ಪರದೆಯ ಮೇಲೆ ಹಲ್ಲು ಅಂಗೈ ಅಗಲವಾಗಿ ಕಾಣುತ್ತದೆ. ಬುಡ, ನಡು, ತುದಿ ಎಂದು ಮೂರು ಪಾಲು ಮಾಡಿ ಒಂದೊಂದರ ಬಣ್ಣವನ್ನೂ ಹೇಳುತ್ತದೆ. ಆ ಲೆಕ್ಕ ಲ್ಯಾಬಿನ ಕಂಪ್ಯೂಟರಿಗೆ ಹೋಗುತ್ತದೆ; ಅಲ್ಲಿ ಇನ್ನೊಂದು ಯಂತ್ರ ಬಿಳಿ ಗಟ್ಟಿಯೊಂದನ್ನು ಕೊರೆದು ಹಲ್ಲು ಮಾಡುತ್ತದೆ. ಉಳಿಯುವುದು ಮೇಲಿನ ಒಂದು ಕೈ ಬಣ್ಣ, ಭಟ್ಟಿಯ ಒಂದು ಉರಿ.

ಡಾಕ್ಟರು ಹತ್ತು ರೋಗಿಗಳನ್ನು ಕೂಡಿಸಿ ಪಂದ್ಯ ಕಟ್ಟಿದರು. ಒಂಬತ್ತು ಬಾಯಿಗಳಲ್ಲಿ ಯಂತ್ರ, ಗುರುಪುತ್ರಪ್ಪ ಇಬ್ಬರದೂ ಒಂದೇ ಮಾತು. ಹತ್ತನೆಯದರಲ್ಲಿ ಬೇರೆ ಬೇರೆ. ಎರಡೂ ಬಣ್ಣದಲ್ಲಿ ಹಲ್ಲು ಮಾಡಿ ಹಚ್ಚಿ ನೋಡಿದರು. ಯಂತ್ರದ್ದೇ ಸರಿ.

“ಬ್ಯಾಸರ ಆತೇನ್ರೀ?” ಎಂದು ಡಾಕ್ಟರು ಕೇಳಿದರಂತೆ.

“ಅದರ ಕಣ್ಣಿಗೆ ಇನ್ನೂ ಚಾಳೀಸ ಬಂದಿಲ್ಲ ಡಾಕ್ಟರ. ನನಗ ಬಂದು ಹದಿನೈದ ವರ್ಷ ಆತು.”

ಅಂದಿನಿಂದ ಸೈಕಲ್ ಲ್ಯಾಬಿನ ಹಿಂದೆ ನಿಂತಿತು. ಬಾಯಿಗಳನ್ನು ನೋಡುವುದು ನಿಂತಿತು. ಪರದೆಯ ಮೇಲಿನ ಅಂಕಿ ನೋಡಿ ಬಣ್ಣ ಹಚ್ಚುವುದಷ್ಟೇ ಕೆಲಸ. ಆದರೂ ತಾವು ಮಾಡಿದ ಒಂದು ಹಲ್ಲನ್ನೂ ಅವರು ಮರೆತಿರಲಿಲ್ಲ. ಸಂತೆಯಲ್ಲಿ ನನ್ನ ಮೊಣಕೈ ತಿವಿದು, “ಆ ಬೆಲ್ಲದ ಅಂಗಡಿಯವರು, ಮ್ಯಾಲಿನ ಎಡದ ಎರಡನೇದು. ಒಂದೀಟ ಹಳದಿ ಹೆಚ್ಚಾಗಿತ್ತು, ಅವರ ಪುಣ್ಯಾ, ಚಹಾ ಕುಡದು ಕುಡದು ಉಳದ ಹಲ್ಲೂ ಅದಕ್ಕ ಕೂಡಿದ್ವು” ಅನ್ನುತ್ತಿದ್ದರು.

ಇನ್ನು ಅವರ ಹೆಂಡತಿ ಕಾಶವ್ವ.

ಕಾಶವ್ವ ಖಾನಾಪುರದ ಕಡೆಯವರು. ಆ ಕಡೆಯ ಎಷ್ಟೋ ಹೆಂಗಸರಂತೆ ಇವರಿಗೂ ಎಳೆಯದರಲ್ಲೇ ಮಿಶ್ರಿಯ ಚಟ. ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆಳಗೊಮ್ಮೆ ಸಂಜೆಗೊಮ್ಮೆ ಹಲ್ಲಿಗೆ ತಿಕ್ಕುವುದು. ತಿಕ್ಕಿದ ಬೆರಳು ಕೆನ್ನೆಯ ಒಳಗೆ ಸ್ವಲ್ಪ ಹೊತ್ತು ನಿಲ್ಲುವುದು. ಗುರುಪುತ್ರಪ್ಪ ಮೊದಮೊದಲು ಬೈದರು, ಆಮೇಲೆ ಬಿಟ್ಟರು. ಮಿಶ್ರಿಯ ಬಾಯಿ ನೋಡಲು ಕಸುಬುದಾರನಿಗೆ ಕಷ್ಟ, ನೋಡುವುದನ್ನೇ ಬಿಟ್ಟರು. ಕೆನ್ನೆಯ ಒಳಗಿನ ಬಿಳಿ ಕಲೆಯೊಂದು ಎಷ್ಟು ವರ್ಷದಿಂದ ಇತ್ತೋ ಯಾರಿಗೂ ಗೊತ್ತಿಲ್ಲ. ಹದಿನಾರು ಬಿಳುಪುಗಳನ್ನು ಬೇರೆ ಮಾಡಬಲ್ಲವರಿಗೆ ಹದಿನೇಳನೆಯ ಬಿಳುಪು ದಿನಾ ಎರಡು ಹೊತ್ತು ಊಟಕ್ಕೆ ಬಡಿಸುತ್ತಿತ್ತು. ಅದು ಹುಣ್ಣಾಗಿ, ಹುಣ್ಣು ಮಾಯದೆ ಹೋದಾಗ ದೊಡ್ಡ ಆಸ್ಪತ್ರೆಗೆ ಹೋದರು. ಕೆನ್ನೆ ಕೊಯ್ದರು. ಮೂವತ್ತು ಸಲ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಬಾಯಲ್ಲಿ ಉಗುಳು ಆರಿತು, ಉಗುಳಿಲ್ಲದ ಬಾಯಲ್ಲಿ ಹಲ್ಲುಗಳು ಕಪ್ಪಾಗಿ, ಮೇಲಿನ ಮುಂದಿನ ನಾಲ್ಕು ಬುಡಕ್ಕೇ ಮುರಿದವು. ನಾನು ಅವರನ್ನು ಕಂಡದ್ದು ಆಮೇಲೆ. ಆ ದಿನಗಳಲ್ಲಿ ಸೆರಗು ಅಡ್ಡವಿಲ್ಲದ ಅವರ ಬಾಯನ್ನು ನಾನು ನೋಡಲೇ ಇಲ್ಲ.

ಜೂನ್ ತಿಂಗಳಲ್ಲಿ ರೋಗ ತಿರುಗಿ ಬಂದಿದೆ, ಇನ್ನು ಮಾಡುವಂಥದ್ದೇನಿಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಆ ವಾರ ವಡಗಾವಿಯ ಮನೆಗೆ ಹೋಗಿದ್ದೆ. ಕಾಶವ್ವ ಗೋಡೆಗೆ ಒರಗಿ ಕೂತಿದ್ದರು. ಮಾತು ಸೆರಗಿನ ಹಿಂದಿನಿಂದ ಮುದ್ದೆಯಾಗಿ ಬರುತ್ತಿತ್ತು.

“ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನಗ ಹಲ್ಲ ಮಾಡಿ ಕೊಡ್ರಿ.”

“ಈಗ್ಯಾಕ? ಗಂಜಿ ಕುಡ್ಯಾಕ ಹಲ್ಲ ಬೇಕೇನು?”

“ಗಂಜಿಗಲ್ಲ. ನಾ ಹೋದ ದಿನ ನನ್ನ ಹಿಂಗ ಗ್ವಾಡಿಗೆ ಆನಿಸಿ ಕುಂದ್ರಸ್ತೀರಿ. ಓಣಿ ಮಂದಿ, ಊರ ಮಂದಿ ಬಂದು ಮಾರಿ ನೋಡ್ತಾರ. ಕೈಯಾಗ ಲಿಂಗ ಇಡ್ತೀರಿ, ಸೆರಗ ಯಾರ ಹಿಡೀತಾರ? ಈ ಮೋಟ ಹಲ್ಲ ತೋರ್ಸಕೋತ ಕುಂದರ್ಲೇನು?”

ಅವರ ಮನೆತನದಲ್ಲಿ, ಬಸವಣ್ಣನ ದಾರಿಯ ಎಲ್ಲ ಮನೆಗಳಲ್ಲಿರುವಂತೆ, ಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂ ಮುಡಿಸಿ, ಬದುಕಿದವರ ಹಾಗೆ ಕೂಡಿಸುತ್ತಾರೆ. ಹಾಗೆಯೇ ಮಣ್ಣು ಮಾಡುತ್ತಾರೆ. ಮುಖ ಕೊನೆಯವರೆಗೆ ಜನರತ್ತ ಇರುತ್ತದೆ.

ಕಾಶವ್ವ ಮುಂದುವರಿಸಿದರು: “ಊರಿಗೆಲ್ಲ ಮಾಡಿ ಕೊಟ್ರಿ. ನಾನೂ ಡಾಕ್ಟರ ಕಡಿಂದ ಚೀಟಿ ತರಬೇಕೇನು? ಮತ್ತ ನೋಡ್ರಿ, ಬೆಳ್ಳಾನವು ಬ್ಯಾಡ. ಅಂಗಡ್ಯಾಗಿನ ಹಲ್ಲ ಹಾಕ್ಕೊಂಡ ಕುಂತಾಳ ಅಂತಾರ. ನನ್ನವ ಬೇಕು. ನನ್ನ ಬಣ್ಣದ್ದು.”

“ಆತು” ಅಂದರು ಗುರುಪುತ್ರಪ್ಪ.

ಡಾಕ್ಟರು ಸಮೃದ್ಧಿ ಒಪ್ಪಿದರು. “ಬುಡದ ಮ್ಯಾಲ ಟೋಪಿ ಇಟ್ಟಂಗ ಇಡ್ತೀನ್ರೀ. ಭಾಳ ದಿನ ತಡಿಯಂಗಿಲ್ಲ.”

“ಭಾಳ ದಿನ ಬೇಕಾಗಿಲ್ರೀ.”

ಯಂತ್ರವನ್ನು ಕಾಶವ್ವನ ಕೆಳಗಿನ ಹಲ್ಲಿಗೆ ಹಿಡಿದರು. ಕರೆಂಟಿನಿಂದ ಸುಟ್ಟು ಹೋದ ಹಲ್ಲು. ಪರದೆಯ ಮೇಲೆ ಕೆಂಪು ಗುರುತು ಬಂತು, ತನ್ನ ಪಟ್ಟಿಯಲ್ಲಿ ಇಂಥ ಬಣ್ಣವಿಲ್ಲ ಎಂದು. ಡಾಕ್ಟರು ಗುರುಪುತ್ರಪ್ಪನವರ ಕಡೆ ತಿರುಗಿದರು. “ಇರ್ಲಿ ಬಿಡ್ರಿ, ನಿಮಗ ಗೊತ್ತ ಇರ್ತೈತಲ್ಲ, ಮೊದಲ ಹೆಂಗಿದ್ವು?”

ಗುರುಪುತ್ರಪ್ಪ ಕಣ್ಣು ಮುಚ್ಚಿದರು. ಬಹಳ ಹೊತ್ತು ಮುಚ್ಚಿದ್ದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನನಗೆ ಹೇಳಿದರು: “ನೆನಪಾಗವಲ್ದು ಸರ. ಲಗ್ನಾಗಿ ಮೂವತ್ತೊಂದು ವರ್ಷ. ಬೆಲ್ಲದ ಅಂಗಡಿಯವರದು ನೆನಪೈತಿ.”

ಹಲ್ಲು ಕಾಣುವ ಒಂದಾದರೂ ಹಳೆಯ ಫೋಟೋ ಸಿಕ್ಕರೆ ಕಂಪ್ಯೂಟರಿನಲ್ಲಿ ಅಂದಾಜು ಕಟ್ಟಬಹುದೆಂದು ಡಾಕ್ಟರು ಹೇಳಿದ್ದರು. ಮನೆಯ ಆಲ್ಬಮ್ಮುಗಳನ್ನೆಲ್ಲ ತೆಗೆದೆವು. ಮದುವೆಯದರಲ್ಲಿ ತಲೆ ತಗ್ಗಿಸಿದ್ದರು. ಮಗಳ ನಾಮಕರಣದಲ್ಲಿ ತುಟಿ ಬಿಗಿದಿದ್ದರು. ಮಗಳ ಮದುವೆಯಲ್ಲಿ ಕೈ ಅಡ್ಡ ಇತ್ತು. ಮಿಶ್ರಿ ತಿಕ್ಕುವವರು ಕ್ಯಾಮರಾ ಎತ್ತಿದೊಡನೆ ಬಾಯಿ ಮುಚ್ಚುತ್ತಾರೆ. ಮೂವತ್ತೊಂದು ವರ್ಷದಲ್ಲಿ ಕಾಶವ್ವ ಒಂದು ಫೋಟೋದಲ್ಲೂ ನಕ್ಕಿರಲಿಲ್ಲ. ಮಗಳ ಹಲ್ಲು ತಂದೆಯ ಅಚ್ಚು, ಅದು ಉಪಯೋಗಕ್ಕೆ ಬರಲಿಲ್ಲ. ಉಳಿದದ್ದು ಖಾನಾಪುರದ ತಂಗಿ ಪದ್ಮವ್ವ. ಒಂದೇ ವರ್ಷ ಚಿಕ್ಕವರು. ಎಳೆಯರಿದ್ದಾಗ ಇಬ್ಬರನ್ನೂ ಗುರುತಿಸಲು ಊರವರು ತಡವರಿಸುತ್ತಿದ್ದರಂತೆ.

ಡಾಕ್ಟರ ಯಂತ್ರವನ್ನು ಟಾವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಗುರುಪುತ್ರಪ್ಪ ನನ್ನ ಕಾರಿನಲ್ಲಿ ಕೂತರು. ಮಳೆ ಹಿಡಿದಿತ್ತು.

ಪದ್ಮವ್ವನ ಮನೆ ಹಂಚಿನ ಭಟ್ಟಿಯ ಪಕ್ಕ. ಬಾಜು ಮನೆಯಾಕೆ ಮರಾಠಿಯಲ್ಲಿ ಯಾರು ಬಂದರೆಂದು ಕೂಗಿದರೆ, ಇವರು ಮರಾಠಿಯಲ್ಲೇ ಅಕ್ಕನ ಯಜಮಾನರು ಎಂದು ಕೂಗಿ, ನಮ್ಮತ್ತ ಕನ್ನಡಕ್ಕೆ ಹೊರಳಿದರು.

“ಬರ್ರಿ ಮಾಮಾ, ಕುಂದರ್ರಿ. ಅಕ್ಕನ ಹಲ್ಲಿಗೆ ನನ್ನ ಬಾಯಿ ಯಾಕ?”

“ನಿಮ್ಮಿಬ್ಬರದೂ ಒಂದ ಬಣ್ಣ ಅಂತ ನಿಮ್ಮವ್ವ ಅಂತಿದ್ಲು.”

“ಬಣ್ಣ ಏನ, ಮಾರೀನೂ ಒಂದ ಇತ್ತು. ಲಗ್ನದಾಗ ನನ್ನ ಅಕ್ಕ ಅಂತ ತಿಳದು ನೀರ ಕೊಡು ಅಂದಿದ್ರಿ, ಮರತ್ರೇನು?”

“ಅದರದ ಶಿಕ್ಷಾ ಇದು. ಬಾಯಿ ತೆಗಿ.”

ಟಿಕ್ ಅಂತು ಯಂತ್ರ. ಮತ್ತೆ ಕೆಂಪು ಗುರುತು. ಪದ್ಮವ್ವನ ಹಲ್ಲಿನ ಮೇಲೆ ನಲವತ್ತು ವರ್ಷದ ಮಿಶ್ರಿ ಕೂತಿತ್ತು. ಯಂತ್ರ ಮಾಡಿದ ದೇಶದಲ್ಲಿ ಯಾರೂ ತಂಬಾಕು ಹುರಿದು ಹಲ್ಲು ತಿಕ್ಕುವುದಿಲ್ಲ.

“ಏನಂತೈತಿ ಅದು?”

“ಇದು ಹಲ್ಲ ಅಲ್ಲ ಅಂತೈತಿ.”

“ಹಂಗಾರ ಇಷ್ಟ ವರ್ಷ ನಾ ರೊಟ್ಟಿ ಯಾತರ್ಲೆ ತಿಂದೆ, ಕೇಳ್ರಿ ಅದಕ್ಕ!”

ಗುರುಪುತ್ರಪ್ಪ ಲ್ಯಾಬಿನಿಂದ ತಂದಿದ್ದ ಸಣ್ಣ ಬ್ರಷ್ಷು, ಪುಡಿ ತೆಗೆದು ಒಂದೇ ಒಂದು ಮುಂದಿನ ಹಲ್ಲನ್ನು ತಿಕ್ಕಿದರು. ತಟ್ಟೆಗೆ ಕಂದು ನೊರೆ ಬಿತ್ತು. ಕಡೆಗೆ ಕಲೆಯ ಅಡಿಯ ಹಲ್ಲು ಕಂಡಿತು. ಆದರೂ ಆಗಲೇ ಯಂತ್ರ ಹಿಡಿಯುವಂತಿರಲಿಲ್ಲ. ಒಣಗಿದ ಹಲ್ಲು ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ. ನೀರು ಕುಡಿಸಿ, ಅರ್ಧ ತಾಸು ಬಾಯಿ ಮುಚ್ಚಿಕೊಂಡು ಕೂತಿರು ಎಂದರು. ಆ ಮನೆಯಲ್ಲಿ ಇದು ಹಿಂದೆಂದೂ ಆಗಿಲ್ಲ ಎಂದು ಪಡಸಾಲೆಯಿಂದ ಪದ್ಮವ್ವನ ಗಂಡ ಅಂದರು.

ಅರ್ಧ ತಾಸಿಗೆ ಟಿಕ್. ಈ ಸಲ ಹಸಿರು. ಗುರುಪುತ್ರಪ್ಪ ಪರದೆಯನ್ನು ನನ್ನ ಕಡೆ ತೋರಿಸದೆ ನೋಡಿ, ಡೈರಿಯಲ್ಲಿ ಬರೆದುಕೊಂಡು ಕಿಸೆಗೆ ಹಾಕಿದರು.

ಕೆಲಸ ಮುಗಿದಿತ್ತು. ಆದರೆ ಅವರು ಏಳಲಿಲ್ಲ. ಸಣ್ಣ ಕನ್ನಡಿ ತೆಗೆದು, ಮೊಬೈಲಿನ ಬೆಳಕು ಹಚ್ಚಿ, ಪದ್ಮವ್ವನ ಎಡ ಕೆನ್ನೆ, ಬಲ ಕೆನ್ನೆ, ನಾಲಿಗೆಯ ಅಡಿ ನೋಡತೊಡಗಿದರು. ಐದು ಎಣಿಸುವಷ್ಟಲ್ಲ. ಮಳೆ ನಿಂತು ಮತ್ತೆ ಹಿಡಿಯುವವರೆಗೆ ನೋಡಿದರು. ನೀಲಿ ಬಟ್ಟೆ ಹೊರಗೆ ಬರಲಿಲ್ಲ.

“ಏನೂ ಇಲ್ಲ” ಅಂದರು ಕಡೆಗೆ. “ಬಾಯಿ ಮುಚ್ಚು.”

ಪದ್ಮವ್ವ ಮುಚ್ಚಲಿಲ್ಲ. “ಅಕ್ಕಂದು ಹಿಂಗ ಒಂದ ಸಲಾನರೆ ನೋಡಿದ್ರೇನು ಮಾಮಾ?”

ಗುರುಪುತ್ರಪ್ಪ ಯಂತ್ರವನ್ನು ಟಾವೆಲ್ಲಿನಲ್ಲಿ ಸುತ್ತಿದರು. ಸುತ್ತು ಸರಿ ಬರಲಿಲ್ಲ ಎಂಬಂತೆ ಬಿಚ್ಚಿ ಮತ್ತೆ ಸುತ್ತಿದರು.

ಹೊರಡುವಾಗ ಪದ್ಮವ್ವ ಕಣ್ಣು ಒರೆಸಿಕೊಂಡು ತಮ್ಮ ಮಿಶ್ರಿ ಡಬ್ಬಿಯನ್ನು ಭಾವನ ಕೈಗಿಟ್ಟು, ಇವತ್ತಿಗೆ ಬಿಟ್ಟೆ, ಅಕ್ಕನ ಆಣೆ ಅಂದರು. ಊರು ದಾಟಿದ ಮೇಲೆ ಗುರುಪುತ್ರಪ್ಪ ಅದರ ಮುಚ್ಚಳ ತೆಗೆದರು. ಡಬ್ಬಿ ಖಾಲಿ ಇತ್ತು.

ನಾಲ್ಕು ಹಲ್ಲುಗಳನ್ನು ಕಂಪ್ಯೂಟರು ಒಂದು ಮುಂಜಾನೆಯಲ್ಲಿ ಕೊರೆದು ಕೊಟ್ಟಿತು. ಮೇಲಿನ ಬಣ್ಣಕ್ಕೆ ಗುರುಪುತ್ರಪ್ಪ ನಾಲ್ಕು ದಿನ ತೆಗೆದುಕೊಂಡರು, ಯಾರಿಗೂ ಮುಟ್ಟಗೊಡಲಿಲ್ಲ. ಕಾಶವ್ವನ ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು. ಡಾಕ್ಟರು ಆ ಸಂದಿಯಲ್ಲೇ ಒಂದೊಂದಾಗಿ ಕೂಡಿಸಿದರು. ಕೈಗನ್ನಡಿ ಕೊಟ್ಟರು.

ಕಾಶವ್ವ ನೋಡಿಕೊಂಡರು. “ಇವು ನನ್ನವ ಏನು?”

“ನಿನ್ನವ.”

“ಖರೇ?”

“ಖರೇ.”

ಆಮೇಲೆ ಹತ್ತೊಂಬತ್ತು ದಿನ ಅವರು ಸೆರಗು ಬಿಟ್ಟು ಕೂತರು. ಬಾಗಿಲ ಬಳಿ ಕೂತು ಕಾಯಿಪಲ್ಲೆಯವಳ ಜೊತೆ ಮಾತಾಡಿದರಂತೆ. ಅವಳಿಗೆ ಒಂದು ಶಬ್ದವೂ ತಿಳಿಯಲಿಲ್ಲವಂತೆ, ಹೂಂ ಅಂದಳಂತೆ. ಆಗಸ್ಟಿನ ಒಂದು ರವಿವಾರ ಬೆಳಿಗ್ಗೆ ತೀರಿಕೊಂಡರು.

ಮಣ್ಣಿಗೆ ಹೋಗಿದ್ದೆ. ಗೋಡೆಗೆ ಆನಿಸಿ ಕೂಡಿಸಿದ್ದರು. ಗದ್ದಕ್ಕೆ ಕಟ್ಟಿದ್ದ ಬಟ್ಟೆಯನ್ನು ವಿಭೂತಿ ಹಚ್ಚುವಾಗ ಬಿಚ್ಚಿದ್ದರು. ಕೊಯ್ದ ಕೆನ್ನೆಯ ಕಡೆಗೆ ತುಟಿ ಎಳೆದು ಬಾಯಿ ಒಂದು ಬೆರಳಿನಷ್ಟು ತೆರೆದಿತ್ತು. ಓಣಿಯ ಜನ ಸಾಲಾಗಿ ಬಂದು ನೋಡಿದರು. ಕಾಶವ್ವ ಹೇಳಿದ್ದಂತೆಯೇ ಎಲ್ಲರೂ ಮುಖವನ್ನೇ ನೋಡಿದರು. ಎಂಬತ್ತು ದಾಟಿದ ಸಾವಂತ್ರವ್ವ ಕೋಲೂರಿಕೊಂಡು ಬಂದು, ಬಗ್ಗಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು.

“ಮೈಯೆಲ್ಲ ಕರಗಿ ಹೋದ್ರೂ ಹಲ್ಲ ಒಂದೂ ಕಳಕೊಂಡಿಲ್ಲ ನೋಡ್ರೆವಾ. ನನ್ನ ಬಾಯಾಗ ಹೆಸರಿಗೊಂದಿಲ್ಲ.”

ಸುತ್ತಲಿನ ಹೆಂಗಸರು ಹೌದೌದು ಅಂದರು. ಯಾರಿಗೂ ಏನೂ ತಿಳಿಯಲಿಲ್ಲ. ಗುರುಪುತ್ರಪ್ಪ ಎದುರಿನ ಕಂಬದ ಹತ್ತಿರ ನಿಂತಿದ್ದರು. ಕೇಳಿಸಿತು ಎಂದು ಕಾಣುತ್ತದೆ. ತಲೆ ತಗ್ಗಿಸಿದರು.

ಒಂದು ತಿಂಗಳು ಬಿಟ್ಟು ಖಾಸಬಾಗಕ್ಕೆ ಹೋದೆ. ಯಾರದೋ ಕೋರೆಹಲ್ಲಿಗೆ ಬಣ್ಣ ಹಚ್ಚುತ್ತಿದ್ದರು. ಇಷ್ಟು ದಿನ ತಡೆದದ್ದನ್ನು ಕೇಳಿಬಿಟ್ಟೆ.

“ಅವತ್ತು ಖಾನಾಪುರದಾಗ ಯಂತ್ರ ಯಾವ ಬಣ್ಣ ಹೇಳ್ತ್ರೀ?”

ಅವರು ಕುಂಚವನ್ನು ನೀರಿನಲ್ಲಿ ಆಡಿಸಿ, ಬೆರಳಿನಿಂದ ತುದಿ ಚೂಪು ಮಾಡಿದರು.

“ಎ ತ್ರೀ ರೀ ಸರ. ಹತ್ತ ಮಂದ್ಯಾಗ ಆರ ಮಂದೀದು ಅದ ಇರ್ತೈತಿ. ಹೋಗೂದ ಬ್ಯಾಡಾಗಿತ್ತು.”